ಡೇರೆಗೆ ಕಟ್ಟುವ ಬುತ್ತಿ

ದಸರೆ ರಜೆ ಹತ್ತಿರವಾಗುತ್ತಿದ್ದಂತೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೂ ಬದಲಾಗುತ್ತದೆ. ಹಬ್ಬದ ಅಡುಗೆಯ ಬಗ್ಗೆ ಕೇಳುತ್ತಿದ್ದವರು ಈಗ ನದೀತೀರದಲ್ಲಿಯೋ ಗುಡ್ಡದ ತಪ್ಪಲಿನಲ್ಲಿಯೋ ಡೇರೆ ಹಾಕಿ ಎರಡು ರಾತ್ರಿ ಕಳೆಯುವಾಗ ಊಟಕ್ಕೆ ಏನು ಮಾಡುವುದೆಂದು ಕೇಳುತ್ತಿದ್ದಾರೆ. ಈ ಸಲ ಆ ವಿಷಯದ ಪತ್ರಗಳನ್ನೇ ಆರಿಸಿಕೊಂಡು, ಉದ್ದವಾದವನ್ನು ತುಸು ಮೊಟಕುಗೊಳಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾವು ಎರಡು ಕುಟುಂಬದವರು, ಐವರು ದೊಡ್ಡವರು ಮತ್ತು ಮೂವರು ಮಕ್ಕಳು, ಕಾವೇರಿ ದಂಡೆಯ ಶಿಬಿರತಾಣವೊಂದರಲ್ಲಿ ಶುಕ್ರವಾರ ಮಧ್ಯಾಹ್ನದಿಂದ ಭಾನುವಾರ ಮಧ್ಯಾಹ್ನದವರೆಗೆ ಇರುತ್ತೇವೆ. ಒಂದೇ ಬರ್ನರಿನ ಸಣ್ಣ ಗ್ಯಾಸ್ ಒಲೆ ಇದೆ, ಫ್ರಿಜ್ ಇಲ್ಲ. ಹೋದ ವರ್ಷ ನಾವು ಹೆಂಗಸರಿಬ್ಬರೂ ಅಲ್ಲಿ ಈರುಳ್ಳಿ ಹೆಚ್ಚುತ್ತ, ಪಾತ್ರೆ ತೊಳೆಯುತ್ತ ದಿನ ಕಳೆದು, ನದಿಯನ್ನು ಸರಿಯಾಗಿ ನೋಡದೆಯೇ ಹಿಂದಿರುಗಿದೆವು. ಮನೆಯಲ್ಲಿಯೇ ಮಾಡಿಕೊಂಡು ಹೋಗಬಹುದಾದ ಅಡುಗೆಗಳನ್ನು ತಿಳಿಸಿ. (ಗೃಹಿಣಿ, ಮಂಡ್ಯ)

ಉತ್ತರ: ಆ ಹೊತ್ತಿನಲ್ಲಿ ಗಂಡಸರು ಏನು ಮಾಡುತ್ತಿದ್ದರೆಂದು ನೀವು ಬರೆದಿಲ್ಲ, ನಾನೂ ಕೇಳುವುದಿಲ್ಲ. ಆದರೆ ತಪ್ಪು ನಡೆದದ್ದು ನದಿಯ ದಂಡೆಯಲ್ಲಲ್ಲ, ಮನೆಯಲ್ಲಿ ಸಾಮಾನು ಕಟ್ಟುವಾಗ. ಸಾಮಾನ್ಯವಾಗಿ ನಾವು ಈರುಳ್ಳಿ, ಟೊಮೆಟೊ, ತೆಂಗಿನಕಾಯಿ, ಬೇಳೆ, ಸಾಂಬಾರಪುಡಿ ಎಂದು ಅಡುಗೆಮನೆಯನ್ನೇ ಕಿರಿದು ಮಾಡಿ ಗಾಡಿಗೆ ತುಂಬುತ್ತೇವೆ. ಅಲ್ಲಿ ಹೋದ ಮೇಲೆ ಮಾಡುವುದು ಮನೆಯಲ್ಲಿ ಮಾಡುವ ಅದೇ ಅಡುಗೆಯನ್ನು, ಅದೂ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು, ಗಾಳಿಗೆ ಆರುವ ಒಲೆಯ ಮುಂದೆ.

ಇದಕ್ಕೆ ಬದಲು ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ತಯಾರಿ ನಡೆಸಿ. ಅಡುಗೆ ಕೆಡುವುದು ಅದರಲ್ಲಿರುವ ನೀರಿನಿಂದ, ಹೊರೆಯಾಗುವುದೂ ಆ ನೀರಿನಿಂದಲೇ. ಆದ್ದರಿಂದ ಹುರಿಯುವ, ಒಗ್ಗರಿಸುವ, ಪುಡಿ ಮಾಡುವ, ಕುದಿಸಿ ಬತ್ತಿಸುವ ಕೆಲಸಗಳನ್ನೆಲ್ಲ ಮನೆಯಲ್ಲಿ ಮುಗಿಸಿ, ನೀರು ಬೆರೆಸುವ ಕೆಲಸವೊಂದನ್ನು ಶಿಬಿರಕ್ಕೆ ಉಳಿಸಿಕೊಳ್ಳಬೇಕು. ಚಕ್ಕಡಿ ಹೂಡಿಕೊಂಡು ಜಾತ್ರೆಗೆ ಹೋಗುತ್ತಿದ್ದವರ ಬುತ್ತಿಗಂಟು ಇದೇ ಲೆಕ್ಕದ ಮೇಲೆ ನಿಂತಿತ್ತು. ನಾವು ಹೊಸದಾಗಿ ಕಂಡುಹಿಡಿಯಬೇಕಾದದ್ದೇನೂ ಇಲ್ಲ.

ನಿಮ್ಮ ಲೆಕ್ಕಕ್ಕೆ ಏಳು ಹೊತ್ತಿನ ಊಟ ಬರುತ್ತದೆ. ಶುಕ್ರವಾರ ಮಧ್ಯಾಹ್ನಕ್ಕೆ ಅಂದು ಬೆಳಿಗ್ಗೆ ಮಾಡಿದ ಚಪಾತಿ ಮತ್ತು ನೀರಿಲ್ಲದ ಆಲೂಗಡ್ಡೆ ಪಲ್ಯ ಸಾಕು; ಪಲ್ಯಕ್ಕೆ ಕಾಯಿತುರಿ ಹಾಕಬೇಡಿ, ಹಸಿ ಕಾಯಿಯಷ್ಟು ಬೇಗ ಹಳಸುವ ವಸ್ತು ನಮ್ಮ ಅಡುಗೆಯಲ್ಲಿ ಇನ್ನೊಂದಿಲ್ಲ. ಅಂದು ರಾತ್ರಿಗೆ ಬಿಸಿ ಅನ್ನ ಮಾಡಿ ಪುಳಿಯೋಗರೆ ಗೊಜ್ಜು ಕಲಸಿಬಿಡಿ. ಎಂಟು ಜನಕ್ಕೆ 700 ಗ್ರಾಂ ಅಕ್ಕಿ ಬೇಕಾದೀತು. ಗೊಜ್ಜನ್ನು ವಾರ ಮುಂಚೆಯೇ ಮಾಡಿಡಬಹುದು. 100 ಗ್ರಾಂ ಹುಣಸೆಹಣ್ಣನ್ನು ಬಿಸಿನೀರಿನಲ್ಲಿ ನೆನೆಸಿ, ಗಟ್ಟಿಯಾಗಿ ರಸ ಹಿಂಡಿ, ದಪ್ಪ ತಳದ ಬಾಣಲೆಯಲ್ಲಿ ಎಳ್ಳೆಣ್ಣೆಯ ಒಗ್ಗರಣೆಗೆ ಹಾಕಿ, ಉಪ್ಪು, ಅರಿಶಿನ ಮತ್ತು ಒಂದು ಹಿಡಿ ಬೆಲ್ಲದೊಂದಿಗೆ ಸಣ್ಣ ಉರಿಯಲ್ಲಿ ಕುದಿಯಲು ಬಿಡಿ. ಮೊದಲು ದೊಡ್ಡ ದೊಡ್ಡ ಗುಳ್ಳೆಗಳು ಏಳುತ್ತವೆ. ಆಮೇಲೆ ಗುಳ್ಳೆ ಚಿಕ್ಕದಾಗಿ, ಗೊಜ್ಜು ಲೊಚಲೊಚ ಎನ್ನುತ್ತ ಕೈಗೆ ಸಿಡಿಯಲು ತೊಡಗುತ್ತದೆ. ಕೊನೆಗೆ ಸೌಟಿನಿಂದ ತಳ ಎಳೆದರೆ ಗೆರೆ ಹಾಗೆಯೇ ನಿಂತು, ಅಂಚಿನಲ್ಲಿ ಎಣ್ಣೆ ಬಿಟ್ಟುಕೊಳ್ಳುತ್ತದೆ. ಆ ಎಣ್ಣೆಯನ್ನು ಕಾಣುವವರೆಗೆ ಒಲೆ ಆರಿಸಬಾರದು. ಹುಣಸೆಯ ಹುಳಿ, ಉಪ್ಪು, ಬೆಲ್ಲ ಮತ್ತು ನೀರು ಬತ್ತಿದ ಗಟ್ಟಿತನ ಈ ನಾಲ್ಕೂ ಕೂಡಿ ಗೊಜ್ಜನ್ನು ಕಾಯುತ್ತವೆ. ನೀರು ಉಳಿದರೆ ಉಳಿದ ಮೂರರ ಕೈಲೂ ಏನೂ ಆಗುವುದಿಲ್ಲ. ಹುರಿದ ಧನಿಯಾ, ಮೆಂತ್ಯ ಮತ್ತು ಒಣಮೆಣಸಿನಕಾಯಿಗಳ ಪುಡಿಯನ್ನು ಇಳಿಸುವ ಮುನ್ನ ಬೆರೆಸಿ. ಕರಿಎಳ್ಳು ಮತ್ತು ಒಣಕೊಬ್ಬರಿಯ ಪುಡಿಯನ್ನು ಮಾತ್ರ ಬೇರೆ ಪೊಟ್ಟಣದಲ್ಲಿ ಒಯ್ದು ಅನ್ನ ಕಲಸುವಾಗ ಉದುರಿಸಿದರೆ ಕೊಬ್ಬರಿ ಕಮಟುವ ಭಯವಿರುವುದಿಲ್ಲ, ಎಳ್ಳಿನ ಘಮವೂ ಉಳಿಯುತ್ತದೆ.

ಶನಿವಾರ ಬೆಳಿಗ್ಗೆ ಉಪ್ಪಿಟ್ಟು. ನಮ್ಮ ಮನೆಯ ಮಕ್ಕಳು ಉಪ್ಪಿಟ್ಟೆಂದರೆ ಮುಖ ತಿರುಗಿಸುತ್ತಾರೆ, ಆದರೆ ನದಿಯಲ್ಲಿ ಮಿಂದು ಬಂದ ಮಕ್ಕಳ ಮಾತು ಬೇರೆ. ಅರ್ಧ ಕಿಲೋ ಬನ್ಸಿ ರವೆಯನ್ನು ಘಮ್ಮೆನ್ನುವಂತೆ ಹುರಿದಿಟ್ಟುಕೊಳ್ಳಿ. ಎಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಕಡಲೆಬೇಳೆ, ಗೋಡಂಬಿ ಮತ್ತು ಒಣಮೆಣಸಿನಕಾಯಿಯ ಒಗ್ಗರಣೆ ಮಾಡಿ, ಕರಿಬೇವಿನ ಎಲೆ ಬೆರಳಿನಲ್ಲಿ ಪುಡಿಯಾಗುವಷ್ಟು ಗರಿಗರಿಯಾದ ಮೇಲೆ ರವೆಯೊಂದಿಗೆ ಬೆರೆಸಿ, ಉಪ್ಪು ಸೇರಿಸಿ, ಪೂರ್ತಿ ಆರಿಸಿ ಡಬ್ಬಿಗೆ ತುಂಬಿ. ಹಸಿಮೆಣಸಿನಕಾಯಿ, ಹಸಿಶುಂಠಿ, ಈರುಳ್ಳಿ ಇವುಗಳಲ್ಲಿ ಯಾವುದನ್ನೂ ಸೇರಿಸಬೇಡಿ. ಅಲ್ಲಿ ಒಂದು ಲೋಟ ರವೆಗೆ ಎರಡೂವರೆ ಲೋಟ ನೀರನ್ನು ಮರಳಿಸಿ, ಕೈಯಾಡುತ್ತ ಸುರಿದು, ಮುಚ್ಚಿ ಐದು ನಿಮಿಷ ಬಿಟ್ಟು, ನಿಂಬೆಹಣ್ಣು ಹಿಂಡಿದರೆ ಮುಗಿಯಿತು.

ಮಧ್ಯಾಹ್ನಕ್ಕೆ ಒಲೆಯನ್ನೇ ಹಚ್ಚಬೇಡಿ. ಗೊಜ್ಜವಲಕ್ಕಿಗೆ ಬೆಂಕಿ ಬೇಕಾಗಿಲ್ಲ. ದಪ್ಪ ಅವಲಕ್ಕಿಯನ್ನು ಮನೆಯಲ್ಲಿಯೇ ಮಿಕ್ಸಿಯಲ್ಲಿ ಒಂದೆರಡು ಸುತ್ತು ತಿರುಗಿಸಿ ದಪ್ಪ ರವೆಯಷ್ಟು ತರಿ ಮಾಡಿಕೊಳ್ಳಿ. ಹುಣಸೆರಸ, ಬೆಲ್ಲ, ಉಪ್ಪು ಮತ್ತು ಸಾರಿನ ಪುಡಿಗಳನ್ನು ಗಟ್ಟಿಯಾಗಿ ಕುದಿಸಿ ಸಣ್ಣ ಬಾಟಲಿಗೆ ಹಾಕಿಕೊಳ್ಳಿ. ಒಗ್ಗರಣೆಯನ್ನು ಒಣಕೊಬ್ಬರಿಯೊಂದಿಗೆ ಬೇರೆ ಡಬ್ಬಿಯಲ್ಲಿ ಒಯ್ಯಿರಿ. ಅಲ್ಲಿ ಆ ರಸವನ್ನು ಕುಡಿಯುವ ನೀರಿನಲ್ಲಿ ಕದಡಿ ತರಿಯ ಮೇಲೆ ಸುರಿದು ಇಪ್ಪತ್ತು ನಿಮಿಷ ಬಿಟ್ಟು, ಕೈಯಿಂದ ಉದುರಿಸಿ ಒಗ್ಗರಣೆ ಬೆರೆಸಿ. ಅವಲಕ್ಕಿ ಈಗಾಗಲೇ ಬೇಯಿಸಿ ಬಡಿದ ಭತ್ತ. ಇನ್ನೊಮ್ಮೆ ಬೇಯಿಸುವ ಅಗತ್ಯ ಅದಕ್ಕಿಲ್ಲ.

ಶನಿವಾರ ರಾತ್ರಿಗೆ ಅಕ್ಕಿ ಮತ್ತು ಹುರಿದ ಹೆಸರುಬೇಳೆಯನ್ನು ಮನೆಯಲ್ಲಿಯೇ ಬೆರೆಸಿ, ಮೆಣಸು, ಜೀರಿಗೆ ಮತ್ತು ಉಪ್ಪನ್ನು ಪುಟ್ಟ ಪೊಟ್ಟಣ ಕಟ್ಟಿ ಒಯ್ದರೆ, ಐದು ಲೀಟರಿನ ಕುಕ್ಕರಿನಲ್ಲಿ ಹುಗ್ಗಿ ತಾನಾಗಿಯೇ ಆಗುತ್ತದೆ. ಭಾನುವಾರದ ಎರಡು ಹೊತ್ತಿಗೆ ರೊಟ್ಟಿ, ಚಟ್ನಿಪುಡಿ ಮತ್ತು ಹುರಿಹಿಟ್ಟು. ಅವುಗಳ ವಿಷಯ ಮುಂದಿನ ಪತ್ರಗಳಲ್ಲಿ ಬರುತ್ತದೆ. ಪ್ರತಿ ಹೊತ್ತಿನ ಸಾಮಾನನ್ನೂ ಒಂದೊಂದು ಬಟ್ಟೆಯ ಚೀಲಕ್ಕೆ ಹಾಕಿ ಮೇಲೆ ಚೀಟಿ ಅಂಟಿಸಿ, ನೀರಿನ ಅಳತೆಯನ್ನೂ ಅದರ ಮೇಲೆ ಬರೆಯಿರಿ. ಚೀಟಿ ಇದ್ದರೆ ಗಂಡಸರಿಗೂ ಉಪ್ಪಿಟ್ಟು ಮಾಡಲು ಬರುತ್ತದೆ.

ಪ್ರಶ್ನೆ: ಪ್ರವಾಸಕ್ಕೆ ಹೊರಡುವ ದಿನ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಚಿತ್ರಾನ್ನ ಮಾಡಿ, ಬಿಸಿ ಆರಬಾರದೆಂದು ದೊಡ್ಡ ಸ್ಟೀಲ್ ಡಬ್ಬಿಗೆ ಒತ್ತಿ ತುಂಬಿ ಮುಚ್ಚಿದ್ದೆ. ಮಧ್ಯಾಹ್ನ ಎರಡಕ್ಕೆ ತೆರೆದಾಗ ಅನ್ನ ಸ್ವಲ್ಪ ಲೋಳೆಯಾದಂತಿತ್ತು. ಬಾಣಲೆಯಲ್ಲಿ ಚೆನ್ನಾಗಿ ಬಿಸಿ ಮಾಡಿ ಬಡಿಸಿದೆ. ಆದರೂ ಇಬ್ಬರಿಗೆ ವಾಂತಿಯಾಯಿತು. ಬಿಸಿ ಮಾಡಿದ ಮೇಲೂ ಹೀಗೇಕಾಯಿತು? (ಶಿಕ್ಷಕಿ, ದಾವಣಗೆರೆ)

ಉತ್ತರ: ಅವರಿಬ್ಬರಿಗೆ ಏನಾಗಿತ್ತೆಂದು ನೋಡಿ ಹೇಳಬೇಕಾದವರು ವೈದ್ಯರು. ಅನ್ನದ ಮಟ್ಟಿಗೆ ನಡೆದಿರಬಹುದಾದದ್ದನ್ನು ಹೇಳುತ್ತೇನೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಗಳಿರುತ್ತವೆ. ಅನ್ನ ಬೇಯುವ ಕಾವಿಗೆ ಅವು ಸಾಯುವುದಿಲ್ಲ, ನಿದ್ದೆಯಲ್ಲಿದ್ದಂತೆ ಉಳಿದುಕೊಳ್ಳುತ್ತವೆ. ಬೆಂದ ಅನ್ನ ಗಂಟೆಗಟ್ಟಲೆ ಉಗುರುಬೆಚ್ಚಗೆ ಉಳಿದರೆ ಅವು ಮೊಳೆತು ಹೆಚ್ಚಿ, ವಾಂತಿ ಬರಿಸುವ ವಿಷವನ್ನು ಉಂಟುಮಾಡುತ್ತವೆ. ಆ ವಿಷ ಎಷ್ಟು ಕಾಯಿಸಿದರೂ ನಾಶವಾಗುವುದಿಲ್ಲ. ನೀವು ಬಿಸಿ ಮಾಡಿದ್ದರಿಂದ ಜೀವಿ ಸತ್ತಿರಬಹುದು, ಅದು ಬಿಟ್ಟುಹೋದದ್ದು ಅನ್ನದಲ್ಲಿಯೇ ಇತ್ತು. ಲೋಳೆ ಕಂಡ ಅನ್ನವನ್ನು ಬಿಸಿ ಮಾಡಿ ಸರಿಪಡಿಸುವ ಯೋಚನೆಯನ್ನೇ ಬಿಡಬೇಕು. ಅನ್ನವನ್ನು ಎಸೆಯಬಾರದೆಂಬ ಸಂಸ್ಕಾರ ನಮ್ಮಲ್ಲಿ ಗಾಢವಾಗಿದೆ, ಆದರೆ ಅದು ಉಣ್ಣಬಲ್ಲ ಅನ್ನಕ್ಕೆ ಸಂಬಂಧಪಟ್ಟದ್ದು.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಮದುವೆಯಾದ ಹೊಸತರಲ್ಲಿ ಹೊಗೆಯಾಡುವ ಅನ್ನಕ್ಕೆ ಮೊಸರು ಕಲಸಿ ಡಬ್ಬಿ ಮುಚ್ಚಿ ಜೋಗಕ್ಕೆ ಹೊರಟಿದ್ದೆ. ದಾರಿಯಲ್ಲಿ ಡಬ್ಬಿ ತೆರೆದಾಗ ಮುಚ್ಚಳದ ಒಳಗಿನಿಂದ ಹನಿ ತೊಟ್ಟಿಕ್ಕುತ್ತಿತ್ತು, ವಾಸನೆಗೆ ಪಕ್ಕದಲ್ಲಿ ಕುಳಿತವರು ಎದ್ದುಹೋದರು. ನಮ್ಮತ್ತೆ ಗದರಲಿಲ್ಲ, ಮುಂದಿನ ಸಲ ಪಕ್ಕದಲ್ಲಿ ನಿಂತು ಮಾಡಿಸಿದರು: ಅನ್ನವನ್ನು ಅಗಲವಾದ ತಟ್ಟೆಗೆ ಸುರಿದು, ಕಿವುಚಿ ಬೆಚ್ಚಗಾಗುವಷ್ಟು ಆರಿಸಿ, ಕಾಯಿಸಿ ಆರಿಸಿದ ಹಾಲನ್ನು ತುಂಬ ಹಾಕಿ, ಮೊಸರನ್ನು ಒಂದೇ ಚಮಚ ಹೆಪ್ಪಿನಂತೆ ಬೆರೆಸುವುದು. ಹೊರಡುವ ಹೊತ್ತಿಗೆ ಹಾಲನ್ನ, ಉಣ್ಣುವ ಹೊತ್ತಿಗೆ ಮೊಸರನ್ನ. ಹೆಪ್ಪಿನ ಹುಳಿ ಬೇರೆ ಜೀವಿಗಳಿಗೆ ಸುಲಭವಾಗಿ ಎಡೆ ಕೊಡುವುದಿಲ್ಲ. ಆದರೂ ಅದು ಮೊದಲ ಮಧ್ಯಾಹ್ನದ ಊಟಕ್ಕೆ ಮಾತ್ರ, ಸಂಜೆಗಲ್ಲ.

ಯಾವ ಬೆಂದ ಅಡುಗೆಗೂ ಲೆಕ್ಕ ಇಷ್ಟು: 5 ಡಿಗ್ರಿ ಸೆಲ್ಸಿಯಸ್‌ನಿಂದ 60 ಡಿಗ್ರಿಯವರೆಗಿನ ಕಾವು ಅಪಾಯದ ವಲಯ, ಆ ಕಾವಿನಲ್ಲಿ ಅಡುಗೆ ಎರಡು ಗಂಟೆಗಿಂತ ಹೆಚ್ಚು, ಬೇಸಿಗೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಇರಬಾರದು ಎನ್ನುತ್ತಾರೆ ಆಹಾರ ಸುರಕ್ಷತೆಯನ್ನು ಬಲ್ಲವರು. ಚಿತ್ರಾನ್ನ, ಪುಳಿಯೋಗರೆಯಂಥ ಹುಳಿಯನ್ನಗಳು ಬಿಳಿ ಅನ್ನಕ್ಕಿಂತ ಹೆಚ್ಚು ತಾಳಿಕೊಳ್ಳುವುದು ನಿಜ, ಆದರೆ ಹುಳಿ ಪ್ರತಿ ಅಗುಳಿಗೂ ತಾಗಿರಬೇಕು. ಮೇಲೆ ನಿಂಬೆ ಹಿಂಡಿದ ಚಿತ್ರಾನ್ನದ ನಡುವೆ ಬಿಳಿ ಉಂಡೆಗಳು ಉಳಿದಿರುತ್ತವಲ್ಲ, ಕೆಡುವುದು ಅಲ್ಲಿಂದ. ಇನ್ನು ಮುಂದೆ ಅನ್ನವನ್ನು ಒಯ್ಯುವ ಬದಲು ಅಕ್ಕಿ ಮತ್ತು ಗೊಜ್ಜನ್ನು ಒಯ್ಯಿರಿ.

ಪ್ರಶ್ನೆ: ನಮ್ಮ ಊರು ವಿಜಯಪುರ, ಇರುವುದು ಬೆಂಗಳೂರಿನಲ್ಲಿ. ಅವ್ವ ಕಳಿಸಿದ ಖಡಕ್ ರೊಟ್ಟಿಯನ್ನು ಸಕಲೇಶಪುರದ ಕಡೆ ಡೇರೆ ಹಾಕಲು ಹೋದಾಗ ಒಯ್ದಿದ್ದೆವು. ಎರಡೇ ದಿನಕ್ಕೆ ಚಕ್ಕಳದಂತಾಯಿತು. ಊರಲ್ಲಿ ತಿಂಗಳುಗಟ್ಟಲೆ ಇರುವ ರೊಟ್ಟಿ ಅಲ್ಲೇಕೆ ಹಾಗಾಯಿತು? (ಉದ್ಯೋಗಿ, ಬೆಂಗಳೂರು)

ಉತ್ತರ: ರೊಟ್ಟಿಯ ತಪ್ಪಲ್ಲ, ಹವೆಯ ತಪ್ಪು. ತವೆಯ ಮೇಲೆ ಬೇಯಿಸಿ, ಮತ್ತೆ ಕಾವಿಗೆ ಒಡ್ಡಿ ಒಣಗಿಸಿದ ಜೋಳದ ರೊಟ್ಟಿಯಲ್ಲಿ ಬೂಷ್ಟು ಬೆಳೆಯಲು ಬೇಕಾದಷ್ಟು ಪಸೆಯೇ ಇರುವುದಿಲ್ಲ, ಆದ್ದರಿಂದ ಬಯಲುಸೀಮೆಯ ಒಣಹವೆಯಲ್ಲಿ ಅದನ್ನು ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟರೂ ಕೆಡುವುದಿಲ್ಲ. ಅದೇ ರೊಟ್ಟಿ ಮಲೆನಾಡಿನ ಹವೆಗೆ ಬಂದರೆ ಗಾಳಿಯಲ್ಲಿನ ತೇವವನ್ನು ತಾನೇ ಎಳೆದುಕೊಳ್ಳುತ್ತದೆ. ಮಲೆನಾಡಿಗೆ ಒಯ್ಯುವಾಗ ಬಟ್ಟೆ ಸಾಲದು; ಬಿಗಿ ಮುಚ್ಚಳದ ತಗಡಿನ ಡಬ್ಬಿ ಬೇಕು, ತಳಕ್ಕೆ ಮತ್ತು ಮೇಲಕ್ಕೆ ಒಂದೊಂದು ಪದರ ಕಾಗದ ಹಾಸಿ, ಬೇಕಾದಷ್ಟನ್ನೇ ತೆಗೆದು ತಕ್ಷಣ ಮುಚ್ಚಬೇಕು. ಚಕ್ಕಳದಂತಾದ ರೊಟ್ಟಿಗೆ ವಾಸನೆ ಅಥವಾ ಬೂಷ್ಟು ಇಲ್ಲದಿದ್ದರೆ ಬಿಸಿ ತವೆಯ ಮೇಲೆ ಎರಡೂ ಮಗ್ಗುಲು ಒತ್ತಿ ತೆಗೆಯಿರಿ, ಮತ್ತೆ ಖಡಕ್ ಆಗುತ್ತದೆ. ಪುಡಿಯಾದ ತುಣುಕುಗಳಿಗೆ ನೀರು ಚಿಮುಕಿಸಿ ಒಗ್ಗರಣೆ ಕೊಟ್ಟರೆ ಒಂದು ಹೊತ್ತಿನ ನಾಷ್ಟಾ ಆಗುತ್ತದೆಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಜೊತೆಗೆ ಒಯ್ಯಲು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಈ ಮೂರು ಬಗೆಯ ಚಟ್ನಿಪುಡಿಗಳೂ ಒಳ್ಳೆಯವು. ಹಿಂಡಿಗೆ ಹಾಕುವ ಬೆಳ್ಳುಳ್ಳಿಯನ್ನು ಮಾತ್ರ ಹಸಿಯಾಗಿ ಕುಟ್ಟದೆ, ಎಣ್ಣೆ ಹಾಕದೆ ತವೆಯ ಮೇಲೆ ಪಸೆ ಹೋಗುವಂತೆ ಬಾಡಿಸಿಕೊಳ್ಳಿ. ಶೇಂಗಾ, ಗುರೆಳ್ಳು ಎರಡೂ ಎಣ್ಣೆಯ ಕಾಳುಗಳಾದ್ದರಿಂದ ರೊಟ್ಟಿಯೊಂದಿಗೆ ಹೊಟ್ಟೆಯೂ ತುಂಬುತ್ತದೆ, ನಡೆಯಲು ಕಸುವೂ ಬರುತ್ತದೆ. ದಾರಿಯ ಊರಿನಲ್ಲಿ ಒಂದಿಷ್ಟು ಮೊಸರು ಸಿಕ್ಕರೆ ಆ ಊಟದ ಮುಂದೆ ನಾನು ಮೇಲೆ ಹೇಳಿದ ಹುಗ್ಗಿ, ಉಪ್ಪಿಟ್ಟುಗಳು ಏನೂ ಅಲ್ಲ; ಇದು ಹಳೆ ಮೈಸೂರಿನವಳೊಬ್ಬಳ ಒಪ್ಪಿಗೆ ಎಂದು ನಿಮ್ಮ ಅವ್ವನವರಿಗೆ ತಿಳಿಸಿ.

ಚಪಾತಿಯ ಬಗ್ಗೆ ಬೇರೆ ಮೂವರು ಕೇಳಿದ್ದಾರೆ. ಹಿಟ್ಟನ್ನು ಎಣ್ಣೆ ತುಸು ಮುಂದಾಗಿ ಹಾಕಿ ಕಲಸಿ, ಬೇಯಿಸಿದ ಪ್ರತಿಯೊಂದನ್ನೂ ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರಡಿ ಪೂರ್ತಿ ಆರಿದ ಮೇಲಷ್ಟೇ ಒಂದರ ಮೇಲೊಂದು ಇಡಬೇಕು. ಬಿಸಿಯಾಗಿ ಪೇರಿಸಿದರೆ ಆವಿ ನಡುವೆ ಸಿಕ್ಕಿ ನೀರಾಗುತ್ತದೆ. ಹೊರಟ ಮರುದಿನ ಬೆಳಗಿನೊಳಗೆ ತಿಂದು ಮುಗಿಸಿ.

ಪ್ರಶ್ನೆ: ನಾವು ನಾಲ್ವರು ವಿದ್ಯಾರ್ಥಿಗಳು ಪಶ್ಚಿಮಘಟ್ಟದಲ್ಲಿ ಎರಡು ದಿನದ ಚಾರಣಕ್ಕೆ ಹೋಗುತ್ತೇವೆ. ಎಲ್ಲವನ್ನೂ ಬೆನ್ನ ಮೇಲೆ ಹೊರಬೇಕು. ಕಟ್ಟಿಗೆ ಆರಿಸಿ ಬೆಂಕಿ ಹಾಕಿ ನೂಡಲ್ಸ್ ಮಾಡಿಕೊಳ್ಳಬಹುದೆಂದು ಗೆಳೆಯರು ಹೇಳುತ್ತಾರೆ. ಅದಕ್ಕಿಂತ ಒಳ್ಳೆಯ ದಾರಿ ಇದೆಯೇ? (ವಿದ್ಯಾರ್ಥಿ, ಮಂಗಳೂರು)

ಉತ್ತರ: ಒಳ್ಳೆಯ ದಾರಿಯ ಮಾತು ಆಮೇಲೆ, ಮೊದಲು ಆ ದಾರಿಯನ್ನು ಮುಚ್ಚುತ್ತೇನೆ. ಘಟ್ಟದ ಹೆಸರಾಂತ ಚಾರಣದ ಹಾದಿಗಳಲ್ಲಿ ಬಹಳಷ್ಟು ರಾಷ್ಟ್ರೀಯ ಉದ್ಯಾನ ಇಲ್ಲವೆ ಅಭಯಾರಣ್ಯದೊಳಗೆ ಬರುತ್ತವೆ. ಕುದುರೆಮುಖ ಮತ್ತು ಕುಮಾರಪರ್ವತ ಎರಡೂ ಹಾಗೆಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಮಿನಂತೆ ಅಭಯಾರಣ್ಯಕ್ಕೆ ಅಪಾಯವಾಗುವಂತೆ ಅದರೊಳಗೆ ಬೆಂಕಿ ಹೊತ್ತಿಸುವುದು ಅಪರಾಧ. ಕಾಯ್ದೆಯನ್ನು ಬದಿಗಿಟ್ಟರೂ, 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದುದನ್ನು ಪತ್ರಿಕೆಗಳಲ್ಲಿ ನೋಡಿದವರು ಒಣಹುಲ್ಲಿನ ಗುಡ್ಡದ ಮೇಲೆ ಕಡ್ಡಿ ಗೀರುವ ಧೈರ್ಯ ಮಾಡಲಾರರು. ಚಾರಣಕ್ಕೂ ರಾತ್ರಿ ತಂಗುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ಎಲ್ಲೆಂದರಲ್ಲಿ ಡೇರೆ ಹಾಕುವಂತಿಲ್ಲ. ಗ್ಯಾಸ್ ಒಲೆಗೂ ಅನುಮತಿ ಇಲ್ಲದಿರಬಹುದೆಂದುಕೊಂಡೇ ಊಟದ ಯೋಜನೆ ಮಾಡಿ. ರೈಲಿನಲ್ಲಂತೂ ಗ್ಯಾಸ್ ಸಿಲಿಂಡರ್ ಒಯ್ಯುವಂತಿಲ್ಲ.

ಬೆಂಕಿ ಇಲ್ಲದ ಊಟಕ್ಕೆ ರಾಗಿ ಹುರಿಹಿಟ್ಟಿನಷ್ಟು ಸರಿಯಾದದ್ದು ಇನ್ನೊಂದನ್ನು ನಾನು ಕಂಡಿಲ್ಲ. ನೀರು ಚಿಮುಕಿಸಿ ಪಸೆ ಮಾಡಿದ ರಾಗಿಯನ್ನು ಕಾದ ಬಾಣಲೆಯಲ್ಲಿ ಹಾಕಿದರೆ ಪಟಪಟನೆ ಸಿಡಿದು ಮಲ್ಲಿಗೆಯ ಮೊಗ್ಗಿನಂತೆ ಅರಳುತ್ತದೆ. ಅದನ್ನು ಬೀಸಿದ ಹಿಟ್ಟು ಆಗಲೇ ಬೆಂದದ್ದಾದ್ದರಿಂದ ಹಸಿಯ ನಾತವಿಲ್ಲ, ತಣ್ಣೀರಿನಲ್ಲಿ ಕಲಸಿಯೂ ತಿನ್ನಬಹುದು. ಹುರಿಗಡಲೆ, ಏಲಕ್ಕಿ ಮತ್ತು ಒಣಕೊಬ್ಬರಿಯನ್ನು ಪುಡಿ ಮಾಡಿ ಬೆರೆಸಿಕೊಳ್ಳಿ. ಬೆಳಿಗ್ಗೆ ಬೆಲ್ಲದ ಪುಡಿ ಮತ್ತು ಹಾಲಿನ ಪುಡಿಯೊಂದಿಗೆ ನೀರಿನಲ್ಲಿ ಉಂಡೆ ಕಟ್ಟಿ. ನಡೆದು ದಣಿದಾಗ ಚಿಟಿಕೆ ಉಪ್ಪು ಹಾಕಿ ಅಂಬಲಿಯಂತೆ ತೆಳ್ಳಗೆ ಕದಡಿ ಕುಡಿಯಿರಿ. ಒಬ್ಬೊಬ್ಬರಿಗೆ ದಿನಕ್ಕೆ 600 ರಿಂದ 700 ಗ್ರಾಂ ಒಣ ಆಹಾರ ಇದ್ದರೆ ಹಸಿವೆ ಕಾಡದು: ಹುರಿಹಿಟ್ಟು, ಗೊಜ್ಜವಲಕ್ಕಿಯ ತರಿ, ಖಡಕ್ ರೊಟ್ಟಿ, ಶೇಂಗಾ ಚಿಕ್ಕಿ, ತಂಬಿಟ್ಟು, ಒಣದ್ರಾಕ್ಷಿ. ಹೋಳಿಗೆಯನ್ನು ಹೊರಬೇಡಿ, ಅದರ ಹೂರಣದಲ್ಲಿ ನೀರಿದೆ. ನೂಡಲ್ಸ್ ತೂಕಕ್ಕೆ ಹಗುರ, ಆದರೆ ಬೇಯಿಸಲು ಒಲೆ ಬೇಕು, ತಿಂದ ಎರಡು ಗಂಟೆಗೆ ಮತ್ತೆ ಹಸಿವು, ಕೊನೆಗೆ ಕೈಯಲ್ಲಿ ಉಳಿಯುವುದು ಪ್ಲಾಸ್ಟಿಕ್. ನಮ್ಮ ರಾಜ್ಯದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳಿಗೆ ನಿಷೇಧವಿದೆ. ಮುತ್ತುಗದ ಎಲೆ ಅಥವಾ ಅಡಿಕೆ ಹಾಳೆಯ ತಟ್ಟೆ ಒಯ್ದರೂ ಅದನ್ನು ಕಾಡಿನಲ್ಲಿ ಬಿಸಾಡದೆ ಕೆಳಗಿಳಿಸಿ ತನ್ನಿ, ಎಂಜಲಿನ ರುಚಿ ಹತ್ತಿದ ಪ್ರಾಣಿಗಳು ಮನುಷ್ಯರನ್ನು ಹುಡುಕಿಕೊಂಡು ಬರುತ್ತವೆ.

ಕೋತಿಗಳ ಬಗ್ಗೆ ಒಂದು ಮಾತು. ಅವು ಡಬ್ಬಿಯನ್ನು ಗುರುತಿಸುವುದಕ್ಕಿಂತ ಕವರಿನ ಸದ್ದನ್ನು ಚೆನ್ನಾಗಿ ಗುರುತಿಸುತ್ತವೆ. ಬಟ್ಟೆಯ ಚೀಲದಲ್ಲಿ ಸ್ಟೀಲ್ ಡಬ್ಬಿ ಇಟ್ಟು, ಚೀಲವನ್ನು ಡೇರೆಯ ಒಳಗಲ್ಲ, ಕುಳಿತವರ ಕೈಗೆಟಕುವಂತೆ ಇಟ್ಟುಕೊಳ್ಳಿ. ಡೇರೆಯೊಳಗೆ ಬಿಟ್ಟುಹೋದರೆ ಊಟವೂ ಹೋಗುತ್ತದೆ, ಡೇರೆಯೂ ಹರಿಯುತ್ತದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಮಾಂಸ ಇಲ್ಲದೆ ಊಟ ಇಳಿಯುವುದಿಲ್ಲ. ಮಸಾಲೆ ಹಚ್ಚಿದ ಕೋಳಿಯನ್ನು ಡೇರೆಗೆ ಒಯ್ಯಬಹುದೇ? ಮೊಟ್ಟೆ ಒಡೆಯದಂತೆ ಒಯ್ಯುವುದು ಹೇಗೆ? (ಓದುಗ, ಕುಂದಾಪುರ)

ಉತ್ತರ: ಮೊದಲ ರಾತ್ರಿಗೆ ಮಾತ್ರ ಒಯ್ಯಬಹುದು. ಮಸಾಲೆ ಹಚ್ಚಿದ ಕೋಳಿಯನ್ನು ಹಿಂದಿನ ದಿನವೇ ಫ್ರೀಜರಿನಲ್ಲಿ ಕಲ್ಲಿನಂತೆ ಗಟ್ಟಿಯಾಗಿಸಿ, ರಸ ಸೋರದ ಡಬ್ಬಿಯಲ್ಲಿ ಹಾಕಿ, ಐಸ್ ಪೆಟ್ಟಿಗೆಯ ತಳದಲ್ಲಿಡಿ. ಸುತ್ತಲೂ ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿಗಳನ್ನು ಜೋಡಿಸಿ. ಕರಗಿದ ಮೇಲೆ ಆ ಬಾಟಲಿಯ ನೀರು ಕುಡಿಯಲು ಬರುತ್ತದೆ. ಪೆಟ್ಟಿಗೆಯನ್ನು ಅಡುಗೆಯ ಹೊತ್ತಿನವರೆಗೆ ತೆರೆಯಬೇಡಿ. ತೆರೆದಾಗ ಮಾಂಸ ಮಂಜಿನಷ್ಟು ತಣ್ಣಗಿಲ್ಲದಿದ್ದರೆ ಬಳಸಬೇಡಿ. ಎರಡನೆಯ ದಿನಕ್ಕೆ ನಿಮ್ಮ ಕರಾವಳಿಯಲ್ಲಿಯೇ ಉತ್ತರವಿದೆ. ಒಣಸಿಗಡಿಯನ್ನು ತಲೆ ಬಾಲ ತೆಗೆದು ಗರಿಗರಿಯಾಗಿ ಹುರಿದು ಒಯ್ದರೆ, ಒಣಮೆಣಸು, ಹುಣಸೆ ಮತ್ತು ಅಲ್ಲಿಯೇ ಹೆಚ್ಚಿದ ಒಂದು ಈರುಳ್ಳಿಯೊಂದಿಗೆ ಕಿವುಚಿ ಗಂಜಿಗೆ ನಂಜಿಕೊಳ್ಳಬಹುದು. ಕಾಯಿತುರಿ ಹಾಕುವುದಿದ್ದರೆ ಇಡೀ ಕಾಯಿಯನ್ನು ಒಯ್ದು ಅಲ್ಲಿಯೇ ಒಡೆಯಿರಿ.

ಹಸಿ ಮೊಟ್ಟೆಯನ್ನು ಅಕ್ಕಿಯ ಡಬ್ಬಿಯೊಳಗೆ ಹುಗಿದರೆ ಒಡೆಯುವುದಿಲ್ಲ. ಅಕ್ಕಿಯನ್ನು ಹೇಗಿದ್ದರೂ ತೊಳೆದು ಬೇಯಿಸುತ್ತೇವೆ. ಹುರಿಹಿಟ್ಟಿನಲ್ಲಿ ಅಥವಾ ಅವಲಕ್ಕಿಯಲ್ಲಿ ಮಾತ್ರ ಹುಗಿಯಬೇಡಿ, ಅವನ್ನು ನಾವು ಬೇಯಿಸದೆ ತಿನ್ನುವುದರಿಂದ. ಬೇಯಿಸಿದ ಮೊಟ್ಟೆಯಾದರೆ ಸಿಪ್ಪೆ ಸುಲಿಯದೆ ಒಯ್ದು ಅಂದೇ ಮುಗಿಸಿ.

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಬೇಸಿಗೆಯಲ್ಲಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಟುವಾಲಮಿ ಮೆಡೋಸ್ ಶಿಬಿರತಾಣದಲ್ಲಿ ತೊಗರಿಬೇಳೆಯನ್ನು ಒಂದೂವರೆ ಗಂಟೆ ಕುದಿಸಿದರೂ ಬೇಯಲಿಲ್ಲ. ಬೇಳೆ ಹಳೆಯದಿರಬಹುದೇ? (ಗೃಹಿಣಿ, ಸ್ಯಾನ್ ಹೋಸೆ)

ಉತ್ತರ: ಬೇಳೆ ಹಳೆಯದಾಗಿದ್ದರೂ ಇರಬಹುದು, ಆದರೆ ಮುಖ್ಯ ಕಾರಣ ಎತ್ತರ. ಆ ಜಾಗ ಸಮುದ್ರಮಟ್ಟದಿಂದ ಸುಮಾರು 2,600 ಮೀಟರ್ ಎತ್ತರದಲ್ಲಿದೆ. ಮೇಲೆ ಹೋದಷ್ಟೂ ಗಾಳಿಯ ಒತ್ತಡ ತಗ್ಗಿ ನೀರು ಕಡಿಮೆ ಕಾವಿನಲ್ಲಿಯೇ ಕುದಿಯುತ್ತದೆ. ಅಷ್ಟು ಎತ್ತರದಲ್ಲಿ ಸುಮಾರು 91 ಡಿಗ್ರಿಗೆ. ಉರಿ ಎಷ್ಟು ಹೆಚ್ಚಿಸಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗದು, ಬರಿದೆ ಆವಿಯಾಗುತ್ತದೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್ ಇದೆ, ಅಷ್ಟು ಎತ್ತರದಲ್ಲಿಯೂ ಬೇಳೆ ಸತಾಯಿಸುತ್ತದೆ. ಕುಕ್ಕರ್ ಒಯ್ಯುವುದು ನೇರವಾದ ಪರಿಹಾರ. ಅದು ಭಾರವೆನಿಸಿದರೆ ತೊಗರಿಯನ್ನು ಬಿಟ್ಟು, ಹುರಿದ ಹುರುಳಿಹಿಟ್ಟನ್ನು ಒಯ್ಯಿರಿ. ಎರಡು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಹುಣಸೆರಸ, ಸಾರಿನ ಪುಡಿ, ಉಪ್ಪು, ಚೂರು ಬೆಲ್ಲದೊಂದಿಗೆ ಹತ್ತು ನಿಮಿಷ ಕುದಿಸಿದರೆ ಚಳಿಗೆ ಹೇಳಿ ಮಾಡಿಸಿದ ಸಾರಾಗುತ್ತದೆ. ಇಂಗು ಮತ್ತು ಒಣಮೆಣಸಿನ ಒಗ್ಗರಣೆಯನ್ನು ಮನೆಯಿಂದಲೇ ತುಪ್ಪದಲ್ಲಿ ಮಾಡಿ ಪುಟ್ಟ ಡಬ್ಬಿಯಲ್ಲಿ ಒಯ್ಯಬಹುದು.

ಅಲ್ಲಿಯ ಕರಡಿಗಳ ವಿಷಯ ನಿಮಗೆ ತಿಳಿದಿರುತ್ತದೆ, ಆದರೂ ಊರಿನಿಂದ ಬಂದ ಅಪ್ಪ ಅಮ್ಮಂದಿರಿಗೆ ಬಿಡಿಸಿ ಹೇಳಿ. ಊಟ ಮಾತ್ರವಲ್ಲ, ಸೋಪು, ಹಲ್ಲುಜ್ಜುವ ಪೇಸ್ಟು ಹೀಗೆ ವಾಸನೆಯಿರುವ ಪ್ರತಿಯೊಂದನ್ನೂ ಶಿಬಿರತಾಣದ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಚಿಲಕ ಹಾಕಬೇಕು. ರಾತ್ರಿ ಕಾರಿನೊಳಗೂ ಇಡುವಂತಿಲ್ಲ. ಉಪ್ಪಿನಕಾಯಿಯ ಬಾಟಲಿಯನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗುವ ಅಭ್ಯಾಸದವರು ನಮ್ಮ ಬಂಧುಗಳಲ್ಲಿಯೇ ಇದ್ದಾರೆ.

ಪ್ರಶ್ನೆ: ಅಂಗಡಿಯಲ್ಲಿ ಸಿಗುವ, ಬಿಸಿ ಮಾಡಿ ತಿನ್ನುವ ಪೊಟ್ಟಣದ ಊಟ ಸುರಕ್ಷಿತವೇ? ಫ್ರಿಜ್ ಇಲ್ಲದೆ ಅದು ಕೆಡದಿರುವುದು ಹೇಗೆ? (ಓದುಗರು, ತುಮಕೂರು)

ಉತ್ತರ: ಪೊಟ್ಟಣ ಉಬ್ಬಿರದೆ, ಹರಿದಿರದೆ, ಅವಧಿ ಮೀರಿರದಿದ್ದರೆ ಸುರಕ್ಷಿತ. ಆಹಾರವನ್ನು ಹಲವು ಪದರದ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಆಮೇಲೆ ಒತ್ತಡದಲ್ಲಿ ಸುಮಾರು 121 ಡಿಗ್ರಿಯವರೆಗೆ ಕಾಯಿಸುವುದರಿಂದ ಒಳಗಿನ ಜೀವಿಗಳೊಂದಿಗೆ ಬೀಜಕಗಳೂ ಸಾಯುತ್ತವೆ. ಹೊರಗಿನವು ಒಳಗೆ ಬರಲಾರವು. ಗಡಿಯಲ್ಲಿರುವ ಸೈನಿಕರಿಗಾಗಿ ಇಂಥ ಆಹಾರಗಳನ್ನು ರೂಪಿಸುವ ಕೆಲಸವನ್ನು, 1961ರಲ್ಲಿ ಮೈಸೂರಿನಲ್ಲಿ ಆರಂಭವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ದಶಕಗಳ ಕಾಲ ಮಾಡಿದೆ. ಮಳೆ ಬಂದು ಒಲೆ ಹಚ್ಚಲಾಗದ ದಿನಕ್ಕೆಂದು ಎರಡು ಪೊಟ್ಟಣ ಇಟ್ಟುಕೊಳ್ಳುವುದು ಜಾಣತನ. ಎಲ್ಲ ಹೊತ್ತಿಗೂ ಅದನ್ನೇ ನೆಚ್ಚಿಕೊಂಡರೆ ಉಪ್ಪು ಹೆಚ್ಚು, ಖರ್ಚು ಹೆಚ್ಚು, ಹೊರೆಯೂ ಹೆಚ್ಚು, ಏಕೆಂದರೆ ಅದರೊಳಗೆ ನೀರಿದೆ.

ಪ್ರಶ್ನೆ: ಊಟ ಹೇಗೋ ಆದೀತು. ಬೆಳಗಿನ ಫಿಲ್ಟರ್ ಕಾಫಿಗೆ ಏನು ಮಾಡುವುದು? (ನಿವೃತ್ತ ನೌಕರರು, ಹಾಸನ)

ಉತ್ತರ: ಕಾಫಿಯ ಜಿಲ್ಲೆಯವರು ಇದನ್ನು ಕೊನೆಗೆ ಕೇಳಿದ್ದೀರಿ, ನಾನಾಗಿದ್ದರೆ ಮೊದಲು ಕೇಳುತ್ತಿದ್ದೆ. ಡಿಕಾಕ್ಷನ್ ಮಾಡಿ ಬಾಟಲಿಯಲ್ಲಿ ಒಯ್ಯಬೇಡಿ, ದಾರಿಯ ಬಿಸಿಲಿಗೆ ಮರುದಿನದೊಳಗೆ ಅದರ ಗುಣ ಹೋಗುತ್ತದೆ. ಎರಡು ಲೋಟದ ಸ್ಟೀಲ್ ಫಿಲ್ಟರನ್ನೇ ಒಯ್ಯಿರಿ. ಅದಕ್ಕೆ ಕರೆಂಟು ಬೇಡ, ಕಾಗದ ಬೇಡ, ಅದರ ಖಾಲಿ ಹೊಟ್ಟೆಯೊಳಗೆ ಸಕ್ಕರೆಯ ಪೊಟ್ಟಣವೂ ಹಿಡಿಸುತ್ತದೆ. ಒಂದೊಂದು ಸಲಕ್ಕೆ ಬೇಕಾದಷ್ಟು ಪುಡಿಯನ್ನು ಬೇರೆ ಬೇರೆ ಪೊಟ್ಟಣ ಕಟ್ಟಿದರೆ ತೇವದ ಹವೆಯಲ್ಲಿ ಗಂಟಾಗುವುದಿಲ್ಲ. ರಾತ್ರಿ ಊಟದ ಒಲೆ ಆರುವ ಮುನ್ನ ನೀರು ಮರಳಿಸಿ ಫಿಲ್ಟರಿಗೆ ಹಾಕಿ ಮಲಗಿದರೆ, ಬೆಳಿಗ್ಗೆ ಏಳುವಷ್ಟರಲ್ಲಿ ಗಟ್ಟಿ ಡಿಕಾಕ್ಷನ್ ಇಳಿದಿರುತ್ತದೆ. ಹಾಲಿಗೆ ನಂದಿನಿ ಗುಡ್‌ಲೈಫ್‌ನಂಥ ಅರ್ಧ ಲೀಟರಿನ ಪೊಟ್ಟಣಗಳು ಅನುಕೂಲ. ಒಡೆಯುವವರೆಗೆ ಅವಕ್ಕೆ ಫ್ರಿಜ್ ಬೇಡ, ಒಡೆದ ಮೇಲೆ ಆ ಹೊತ್ತಿಗೇ ಮುಗಿಸಬೇಕು. ರಾತ್ರಿ ಫಿಲ್ಟರಿನ ಮೇಲೆ ಒಂದು ಪಾತ್ರೆ ಮಗುಚಿ ಕಲ್ಲು ಹೇರಲು ಮರೆಯಬೇಡಿ, ಇರುವೆಗಳು ನಿಮಗಿಂತ ಮೊದಲು ಏಳುತ್ತವೆ.